‘ನಿಬ್’ ಮಾತ್ರೆಗಳು: ಬೆಲೆ ಇಳಿಯಿತು, ನಿಗಾ ಹೆಚ್ಚಲಿಲ್ಲ

ಒಂದು ಚಳಿಗಾಲದಲ್ಲಿ ನಮ್ಮ ದೊಡ್ಡಮ್ಮನಿಗೆ ಮುದ್ದೆ ಕೋಲು ಹಿಡಿಯುವುದಕ್ಕೆ ಆಗದೆ ಹೋಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಒಂದು ಗಂಟೆ ಕೂತ ಮೇಲೆ ಸೀರೆ ನೆರಿಗೆ ಹಿಡಿಯುವಷ್ಟು ಬರುತ್ತಿತ್ತು. ವಾತ ಅಂತ ಎಣ್ಣೆ ಹಚ್ಚಿದೆವು. ಬಹಳ ತಡವಾಗಿ ಗೊತ್ತಾಯಿತು, ಅದು ರುಮಟಾಯ್ಡ್ ಆರ್ಥರೈಟಿಸ್. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಅರ್ಧ ಗುಣ ಕೊಟ್ಟಿತು, ಅಷ್ಟೇ. ಆಮೇಲೆ ಬೆಂಗಳೂರಿನ ಕೀಲುರೋಗದ ಡಾಕ್ಟರು ದಿನಕ್ಕೆರಡು ಪುಟ್ಟ ಮಾತ್ರೆ ಬರೆದರು. ಟೋಫಾಸಿಟಿನಿಬ್, 5 ಮಿಲಿಗ್ರಾಂ. ಎರಡೇ ತಿಂಗಳಿಗೆ ದೊಡ್ಡಮ್ಮ ಮತ್ತೆ ಒಲೆ ಮುಂದೆ ಕೂತು ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಮುದ್ದೆ ತಿರುವಿದರು. ಆ ದಿನ ಮನೆಯಲ್ಲಿ ಹಬ್ಬದ ಹಾಗಿತ್ತು.

ಅದೇ ಚೀಟಿ ತೋರಿಸಿ ಊರಿನ ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ತರುವುದು ಶುರುವಾಯಿತು. ಬೆಂಗಳೂರಿಗೆ ಹೋಗಿ ಬರುವುದು ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಡಾಕ್ಟರ ಫೀಸು. ಹುಷಾರಾಗಿದ್ದಾರಲ್ಲ, ಮತ್ತ್ಯಾಕೆ ಹೋಗೋದು ಅಂದುಕೊಂಡೆವು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದು ಚೀಟಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆದಿತ್ತು. ನಾವು ಯಾರೂ ಓದಿರಲಿಲ್ಲ. ಅಂಗಡಿಯಲ್ಲೂ ಯಾರೂ ಕೇಳಲಿಲ್ಲ. ಹನ್ನೊಂದು ತಿಂಗಳು ಹಾಗೇ ನಡೆಯಿತು.

ಆಮೇಲೊಂದು ದಿನ ಸೊಂಟದ ಎಡಗಡೆ ಉರಿ. ಮರುದಿನ ಸಾಲಾಗಿ ನೀರುಗುಳ್ಳೆ. ಸರ್ಪಸುತ್ತು. ತಲೆ ಬಾಲ ಕೂಡಿಬಿಟ್ಟರೆ ಕಷ್ಟ ಅಂತ ಹೆದರಿದ ಅಕ್ಕಪಕ್ಕದವರು ಕೆಮ್ಮಣ್ಣು ಹಚ್ಚಿಸಿದರು. ಸರ್ಪಸುತ್ತಿಗೆ ವೈರಸ್ ತಡೆಯುವ ಮಾತ್ರೆ ಇದೆ. ಅದನ್ನು ಗುಳ್ಳೆ ಎದ್ದ ಮೊದಲ ಮೂರು ದಿನದೊಳಗೆ ಶುರು ಮಾಡಿದರೆ ಒಳ್ಳೆಯದು. ನಾವು ಡಾಕ್ಟರ ಹತ್ತಿರ ಹೋಗಿದ್ದು ಆರನೇ ದಿನ. ಗುಳ್ಳೆ ಒಣಗಿ ವರ್ಷವಾಯಿತು, ಆ ಜಾಗದ ಉರಿ ಮಾತ್ರ ಹೋಗಿಲ್ಲ. ಸೀರೆ ಅಂಚು ತಾಗಿದರೂ ದೊಡ್ಡಮ್ಮ ಮುಖ ಕಿವಿಚುತ್ತಾರೆ.

ಕೀಲುನೋವಿನ ಮಾತ್ರೆಗೂ ಸರ್ಪಸುತ್ತಿಗೂ ಏನು ಸಂಬಂಧ? ಆ ಸಂಬಂಧವನ್ನು ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ಕಳೆದ ಕಾಲು ಶತಮಾನದ ಅತಿ ದೊಡ್ಡ ಔಷಧ ಕುಟುಂಬವೊಂದರ ಕಥೆ. ನಿಮ್ಮ ಮನೆಯಲ್ಲಿ ಯಾರಾದರೂ ನುಂಗುತ್ತಿರುವ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಔಷಧದ ಹೆಸರು ‘ನಿಬ್’ ಅಂತ ಮುಗಿದರೆ ಅದು ಬಹುಪಾಲು ಇದೇ ಕುಟುಂಬದ್ದು. ಇಮ್ಯಾಟಿನಿಬ್, ಡಾಸಾಟಿನಿಬ್, ಜೆಫಿಟಿನಿಬ್, ಸೊರಾಫೆನಿಬ್, ಟೋಫಾಸಿಟಿನಿಬ್, ಬ್ಯಾರಿಸಿಟಿನಿಬ್. ಒಂದು ರಕ್ತದ ಕ್ಯಾನ್ಸರಿಗೆ, ಇನ್ನೊಂದು ಶ್ವಾಸಕೋಶದ ಕ್ಯಾನ್ಸರಿಗೆ, ಮತ್ತೊಂದು ಕೀಲಿಗೆ. ಕಾಯಿಲೆ ಬೇರೆ ಬೇರೆ. ಮಾತ್ರೆ ಕೈಹಾಕುವ ಜಾಗ ಮಾತ್ರ ಒಂದೇ ತರಹದ್ದು. ಅದರ ಹೆಸರು ಕೈನೇಸ್.

ಸ್ವಿಚ್ ಹಾಕುವವರು

ಜೀವಕೋಶದ ಒಳಗಿನ ಬಹಳಷ್ಟು ಪ್ರೋಟೀನುಗಳು ಯಾರಾದರೂ ಸ್ವಿಚ್ ಹಾಕುವವರೆಗೆ ಸುಮ್ನೆ ಕೂತಿರುತ್ತವೆ. ಆ ಸ್ವಿಚ್ ಹಾಕುವ ಕೆಲಸ ಕೈನೇಸ್‌ಗಳದ್ದು. ಎಟಿಪಿ ಎಂಬ ಅಣುವಿನಿಂದ ಫಾಸ್ಫೇಟ್ ತುಣುಕೊಂದನ್ನು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತವೆ. ಅಂಟಿದ ಕೂಡಲೇ ಆ ಪ್ರೋಟೀನಿನ ಆಕಾರ ಕೊಂಚ ಬದಲಾಗಿ ಕೆಲಸ ಶುರುವಾಗುತ್ತದೆ, ಇಲ್ಲವೇ ನಿಲ್ಲುತ್ತದೆ. ಅಂಟಿದ್ದನ್ನು ಬಿಡಿಸುವುದಕ್ಕೆ ಬೇರೆ ಪ್ರೋಟೀನುಗಳಿವೆ. 1950ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಇದನ್ನು ಕಂಡುಕೊಂಡರು. 1992ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮ್ಮ ಮೈಯಲ್ಲಿ 500ಕ್ಕೂ ಜಾಸ್ತಿ ಬಗೆಯ ಕೈನೇಸ್‌ಗಳಿವೆ. ಕೋಶ ಯಾವಾಗ ಎರಡಾಗಬೇಕು, ಯಾವಾಗ ಸಾಯಬೇಕು, ಸೋಂಕು ಬಂದಾಗ ಯಾರನ್ನು ಕೂಗಬೇಕು, ಎಲ್ಲವೂ ಇವುಗಳ ಕೈಯಲ್ಲೇ ಇದೆ.

ಹೊಲದ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಮೋಟಾರು ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಹಸಿರು ಗುಂಡಿ ಒಳಗೇ ಸಿಕ್ಕಿಹಾಕಿಕೊಂಡರೆ ಏನಾಗುತ್ತದೆ? ಬೇಕಿರಲಿ ಬೇಡದಿರಲಿ ನೀರು ಹರಿಯುತ್ತಲೇ ಇರುತ್ತದೆ, ಹೊಲ ಕೊಚ್ಚಿಹೋಗುತ್ತದೆ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿನಲ್ಲಿ ಆಗುವುದು ಇಷ್ಟೇ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ರಕ್ತದಲ್ಲಿ ವಿಚಿತ್ರವಾದ ಮೋಟು ಕ್ರೋಮೋಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ಒಂದನ್ನು ಕಂಡರು. 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಅದರ ಗುಟ್ಟು ಬಿಡಿಸಿದರು. 9ನೇ ಮತ್ತು 22ನೇ ಕ್ರೋಮೋಸೋಮುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಆ ಬೆಸುಗೆಯ ಜಾಗದಲ್ಲಿ ಹುಟ್ಟುವುದೇ ಬಿಸಿಆರ್-ಎಬಿಎಲ್ ಎಂಬ ಕೈನೇಸ್. ಅದಕ್ಕೆ ಕೆಂಪು ಗುಂಡಿಯೇ ಇಲ್ಲ. ಬಿಳಿ ರಕ್ತಕಣಗಳು ಬೆಳೆಯುತ್ತಲೇ ಹೋಗುತ್ತವೆ.

ಹಾಗಾದರೆ ಆ ಕೈನೇಸ್ ನಿಲ್ಲಿಸಿದರಾಯಿತು ಅಲ್ವಾ? ಬಹಳ ಕಾಲ ವಿಜ್ಞಾನಿಗಳೇ ಇದನ್ನು ನಂಬಲಿಲ್ಲ. ಎಲ್ಲ ಕೈನೇಸ್‌ಗಳೂ ಎಟಿಪಿಯನ್ನು ಹಿಡಿಯುವ ಗುಳಿ ಹೆಚ್ಚುಕಮ್ಮಿ ಒಂದೇ ತರಹ ಇರುತ್ತದೆ. ಒಂದನ್ನು ಮುಚ್ಚಲು ಹೋದರೆ 500ನ್ನೂ ಮುಚ್ಚಿ ರೋಗಿಯೇ ಹೋಗುತ್ತಾನೆ ಎಂಬ ಭಯ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ನಿಕೋಲಸ್ ಲೈಡನ್ ಮತ್ತು ಅವರ ಜೊತೆಗಿದ್ದವರು ಆ ಗುಳಿಯ ಸಣ್ಣ ಸಣ್ಣ ವ್ಯತ್ಯಾಸ ಹಿಡಿದು ಅಣುಗಳನ್ನು ಮಾಡಿದರು. ಅವುಗಳಲ್ಲಿ ಒಂದು ಇಮ್ಯಾಟಿನಿಬ್. ಅಮೆರಿಕದ ಓರೆಗನ್‌ನ ಕ್ಯಾನ್ಸರ್ ಡಾಕ್ಟರು ಬ್ರಯನ್ ಡ್ರುಕರ್ ಅದನ್ನು ರೋಗಿಗಳಿಗೆ ಕೊಡಲೇಬೇಕು ಅಂತ ಹಠ ಹಿಡಿದರು. 1998ರಲ್ಲಿ ಪ್ರಯೋಗ ಶುರುವಾಯಿತು. ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಮಂದಿಯ ರಕ್ತಕಣದ ಲೆಕ್ಕ ಸರಿಹೋಯಿತು. ಆಗ ಕೊಡುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದು ಕೈಕೊಟ್ಟ ರೋಗಿಗಳು ಅವರು. ಕ್ಯಾನ್ಸರ್ ಔಷಧದ ಇತಿಹಾಸದಲ್ಲಿ ಇಂಥ ಲೆಕ್ಕ ಅಪರೂಪ. 2001ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮೊದಲಿಗೇ ಇಮ್ಯಾಟಿನಿಬ್ ಶುರು ಮಾಡಿದ ರೋಗಿಗಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ 10 ವರ್ಷದ ನಂತರ ಶೇ 83ರಷ್ಟು ಜನ ಬದುಕಿದ್ದರು. ಅದಕ್ಕೂ ಮೊದಲು ಮೂಳೆಮಜ್ಜೆ ಕಸಿ ಸಿಗದವರ ಪಾಲಿಗೆ ಸಿಎಂಎಲ್ ಕೆಲವೇ ವರ್ಷಗಳ ಬದುಕಾಗಿತ್ತು.

ಬೇಲಿಯೇ ಹೊಲ ಮೇಯ್ದಾಗ

ಈಗ ಕೀಲಿನ ವಿಷಯಕ್ಕೆ ಬರೋಣ. ರುಮಟಾಯ್ಡ್ ಒಂದು ಆಟೋಇಮ್ಯೂನ್ ಕಾಯಿಲೆ, ಅಂದರೆ ಬೇಲಿಯೇ ಎದ್ದು ಹೊಲ ಮೇಯುವುದು. ರೋಗಾಣುಗಳ ಮೇಲೆ ಬೀಳಬೇಕಾದ ಪಡೆ ನಮ್ಮದೇ ಕೀಲು, ಚರ್ಮ, ಕರುಳಿನ ಮೇಲೆ ಬೀಳುತ್ತದೆ. ಆ ಪಡೆಯ ಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವುದು ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳ ಮೂಲಕ. ಸೈಟೊಕೈನ್ ಬಂದು ಕೋಶದ ಬಾಗಿಲು ತಟ್ಟುತ್ತದೆ. ಅದು ಒಳಗೆ ಹೋಗುವುದಿಲ್ಲ. ಬಾಗಿಲ ಒಳಮಗ್ಗುಲಲ್ಲಿ ಕಾವಲಿಗೆ ನಿಂತ ಕೈನೇಸ್ ಆ ಸದ್ದು ಕೇಳಿ ಸುದ್ದಿಯನ್ನು ಒಳಗೆ ದಾಟಿಸುತ್ತದೆ. ಈ ಕಾವಲುಗಾರರಿಗೆ ಜೇನಸ್ ಕೈನೇಸ್ ಅಂತ ಹೆಸರು, ಚಿಕ್ಕದಾಗಿ ಜ್ಯಾಕ್. ಜೇನಸ್ ರೋಮನ್ನರ ಬಾಗಿಲ ದೇವರು, ಎರಡು ಮುಖದವನು. ಜ್ಯಾಕ್‌ಗಳು ನಾಲ್ಕೇ: ಜ್ಯಾಕ್1, ಜ್ಯಾಕ್2, ಜ್ಯಾಕ್3, ಟಿಕ್2.

ಔಷಧದ ಸುಳಿವು ಕೊಟ್ಟವರು ಮಕ್ಕಳು. ಹುಟ್ಟಿನಿಂದಲೇ ಜ್ಯಾಕ್3 ಇಲ್ಲದ ಕೆಲವು ಶಿಶುಗಳಿರುತ್ತವೆ. ಅವುಗಳಿಗೆ ರೋಗ ನಿರೋಧಕ ಶಕ್ತಿಯೇ ಇರುವುದಿಲ್ಲ, ಒಂದಾದ ಮೇಲೊಂದು ಸೋಂಕು. 1995ರಲ್ಲಿ ಇದಕ್ಕೆ ಕಾರಣ ಜ್ಯಾಕ್3 ಎಂದು ಗೊತ್ತಾಯಿತು. ಅದರ ಹಿಂದಿನ ವರ್ಷ ಆ ಕೈನೇಸನ್ನು ಗುರುತಿಸಿದ್ದವರು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಜಾನ್ ಓ’ಶೇ ಮತ್ತು ಅವರ ತಂಡ. ಈ ಮಕ್ಕಳಲ್ಲಿ ಮಿಕ್ಕ ಅಂಗಗಳು ಬಹುಮಟ್ಟಿಗೆ ಸರಿಯಾಗಿರುತ್ತವೆ. ಕೆಟ್ಟಿರುವುದು ನಿರೋಧಕ ಶಕ್ತಿ ಮಾತ್ರ. ಹಾಗಿದ್ದರೆ ಇದೇ ಸ್ವಿಚ್ಚನ್ನು ಔಷಧದಿಂದ ಸ್ವಲ್ಪ ತಗ್ಗಿಸಿದರೆ ಅತಿಯಾಗಿ ಕೆರಳಿದ ಪಡೆ ತಣ್ಣಗಾಗಬೇಕಲ್ಲ? ಆ ಯೋಚನೆಯಿಂದ ಫೈಝರ್ ಕಂಪನಿಯಲ್ಲಿ ಟೋಫಾಸಿಟಿನಿಬ್ ಹುಟ್ಟಿತು. 2012ರ ನವೆಂಬರ್‌ನಲ್ಲಿ ರುಮಟಾಯ್ಡ್ ಆರ್ಥರೈಟಿಸಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕಾಯಿಲೆಯಿಂದ ನರಳಿದ ಆ ಕೂಸುಗಳ ಋಣ ನಮ್ಮ ದೊಡ್ಡಮ್ಮನ ಬೆರಳುಗಳ ಮೇಲಿದೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಇದಕ್ಕೂ ಮುಂಚೆ ಇದ್ದದ್ದು ಬಯಾಲಜಿಕ್ ಎನ್ನುವ ಚುಚ್ಚುಮದ್ದುಗಳು. ಅವು ಕೋಶದ ಹೊರಗೇ ಒಂದೊಂದು ಸೈಟೊಕೈನನ್ನು ಹಿಡಿದು ನಿಲ್ಲಿಸುತ್ತವೆ. ಬೆಲೆ ಜಾಸ್ತಿ, ತಣ್ಣಗೆ ಇಡಬೇಕು, ಚುಚ್ಚಿಸಿಕೊಳ್ಳಬೇಕು. ಜ್ಯಾಕ್ ಮಾತ್ರೆ ಹಾಗಲ್ಲ. ಕಾವಲುಗಾರನನ್ನೇ ಸುಮ್ಮನಾಗಿಸುವುದರಿಂದ ಒಂದೇ ಏಟಿಗೆ ಹತ್ತಾರು ಸುದ್ದಿಗಳು ತಗ್ಗುತ್ತವೆ. ಅದಕ್ಕೇ ಇಷ್ಟು ಬೇಗ ಗುಣ ಕಾಣುವುದು.

ತೊಂದರೆ ಇರುವುದೂ ಅಲ್ಲೇ. ನಾಲ್ಕೇ ಕಾವಲುಗಾರರು, ಬಾಗಿಲು ತಟ್ಟುವವರು ಹತ್ತಾರು ಮಂದಿ. ಕೀಲು ಕೆಡಿಸುವ ಸುದ್ದಿ ತಡೆಯುವಾಗ ಬೇಕಾದ ಸುದ್ದಿಯೂ ತಡೆಯುತ್ತದೆ. ಇಂಟರ್‌ಫೆರಾನ್ ಎಂಬ ಸೈಟೊಕೈನ್ ವೈರಸ್‌ಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಎಂದು ಅಮ್ಮನವರ ಹೆಸರಿನಲ್ಲಿ ಬೇವಿನೆಲೆ ಹಾಸಿ ಮಲಗಿಸಿದ್ದರಲ್ಲ, ಆ ಚಿಕನ್‌ಪಾಕ್ಸ್ ವೈರಸ್ ಹೋಗಿರುವುದಿಲ್ಲ. ನರಗಳ ಬುಡದಲ್ಲಿ ಹತ್ತಾರು ವರ್ಷ ಮಲಗಿರುತ್ತದೆ. ಕಾವಲು ಸಡಿಲವಾದಾಗ ಎದ್ದು ಬರುತ್ತದೆ. ಅದೇ ಸರ್ಪಸುತ್ತು. ಜ್ಯಾಕ್2 ಮಂದವಾದರೆ ಕೆಂಪು ರಕ್ತಕಣ ಮಾಡಿಸುವ ಸುದ್ದಿಯೂ ಮಂದವಾಗಿ ರಕ್ತಹೀನತೆ ಬರಬಹುದು. ಮೂರು ತಿಂಗಳ ರಕ್ತ ಪರೀಕ್ಷೆ ಸುಮ್ನೆ ಬರೆದದ್ದಲ್ಲ.

ಎಲ್ಲಕ್ಕಿಂತ ದೊಡ್ಡ ವಿಷಯ ಕ್ಷಯ, ಅಂದರೆ ಟಿಬಿ. ನಮ್ಮ ದೇಶದಲ್ಲಿ ಕೋಟ್ಯಂತರ ಜನರ ಶ್ವಾಸಕೋಶದಲ್ಲಿ ಟಿಬಿ ರೋಗಾಣು ಇದೆ, ಕಾಯಿಲೆ ಇಲ್ಲ. ಮೈಯ ಪಡೆ ಅದರ ಸುತ್ತ ಗೋಡೆ ಕಟ್ಟಿ ಕೂಡಿಹಾಕಿರುತ್ತದೆ. ಆ ಗೋಡೆ ನಿಲ್ಲುವುದಕ್ಕೆ ಗಾಮಾ ಇಂಟರ್‌ಫೆರಾನ್ ಬೇಕು. ಅದು ಸುದ್ದಿ ದಾಟಿಸುವುದು ಜ್ಯಾಕ್1, ಜ್ಯಾಕ್2 ಮೂಲಕ. ಆದ್ದರಿಂದಲೇ ಟೋಫಾಸಿಟಿನಿಬ್ ಶುರು ಮಾಡುವ ಮುಂಚೆ ಎದೆಯ ಎಕ್ಸ್‌ರೇ, ಟಿಬಿ ಚರ್ಮ ಪರೀಕ್ಷೆ ಅಥವಾ ರಕ್ತ ಪರೀಕ್ಷೆ, ಜೊತೆಗೆ ಹೆಪಟೈಟಿಸ್ ಪರೀಕ್ಷೆ ಆಗಲೇಬೇಕು. ಮಲಗಿದ ಟಿಬಿ ಇದೆ ಅಂತ ಗೊತ್ತಾದರೆ ಅದಕ್ಕೆ ಮೊದಲು ಮದ್ದು. ಅಮೆರಿಕದಲ್ಲಿ ಈ ಪರೀಕ್ಷೆ ಒಂದು ಎಚ್ಚರಿಕೆ. ನಮ್ಮಲ್ಲಿ ಅದು ಚಿಕಿತ್ಸೆಯ ಅರ್ಧ ಭಾಗ ಅಂತಲೇ ತಿಳಿಯಬೇಕು.

ಹೃದಯದ ಮಾತೂ ಇದೆ. 50 ದಾಟಿದ, ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನಂತಹ ಒಂದಾದರೂ ಹೃದಯದ ಅಪಾಯವಿದ್ದ 4,362 ರುಮಟಾಯ್ಡ್ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. 2022ರ ಜನವರಿಯಲ್ಲಿ ಅದು ಪ್ರಕಟವಾಯಿತು. ಟೋಫಾಸಿಟಿನಿಬ್ ತೆಗೆದುಕೊಂಡವರಲ್ಲಿ ಶೇ 3.4 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯದ ಕಾರಣದ ಸಾವು ಬಂತು. ಹಳೆಯ ಬಯಾಲಜಿಕ್ ಚುಚ್ಚುಮದ್ದು ತೆಗೆದುಕೊಂಡವರಲ್ಲಿ ಅದು ಶೇ 2.5. ಕ್ಯಾನ್ಸರ್ ಬಂದದ್ದು ಮಾತ್ರೆಯವರಲ್ಲಿ ಶೇ 4.2, ಚುಚ್ಚುಮದ್ದಿನವರಲ್ಲಿ ಶೇ 2.9. ವರದಿ ಪೂರ್ತಿ ಹೊರಬರುವ ಮೊದಲೇ, 2021ರ ಸೆಪ್ಟೆಂಬರಿನಲ್ಲಿ, ಎಫ್‌ಡಿಎ ಅತ್ಯಂತ ಗಟ್ಟಿ ಎಚ್ಚರಿಕೆ ಹಾಕಿಸಿತು. ಮೊದಲು ಚುಚ್ಚುಮದ್ದು ಕೊಟ್ಟು ನೋಡಿ, ಆಗದಿದ್ದರೆ ಮಾತ್ರ ಈ ಮಾತ್ರೆ ಎಂದಿತು.

ಈ ಲೆಕ್ಕ ಕೇಳಿ ಮಾತ್ರೆ ಎಸೆದುಬಿಡಬೇಡಿ. ಅದು ವಯಸ್ಸಾದ, ಮೊದಲೇ ಅಪಾಯವಿದ್ದವರ ಲೆಕ್ಕ. 30 ವರ್ಷದ, ಬೀಡಿ ಸೇದದ, ಬಿಪಿ ಇಲ್ಲದ ಹೆಣ್ಣುಮಗಳ ಲೆಕ್ಕ ಬೇರೆ. ಹತೋಟಿಗೆ ಬಾರದ ರುಮಟಾಯ್ಡ್ ಕಾಯಿಲೆಯೇ ಹೃದಯವನ್ನು ಹಾಳು ಮಾಡುತ್ತದೆ ಎಂಬುದನ್ನೂ ಮರೆಯಬಾರದು. ಮೊದಲು ಚುಚ್ಚುಮದ್ದು ಎನ್ನುವ ಅಮೆರಿಕದ ಸಾಲು ನಮ್ಮ ಜೇಬಿಗೆ ಹೊಂದುವುದಿಲ್ಲ. ಮೆಥೊಟ್ರೆಕ್ಸೇಟ್ ಸಾಲದಾದಾಗ ನಮ್ಮ ಡಾಕ್ಟರುಗಳು ನೇರವಾಗಿ ಟೋಫಾಸಿಟಿನಿಬ್‌ಗೆ ಹೋಗುವುದು ದುಡ್ಡಿನ ಕಾರಣಕ್ಕೆ. ಅವರನ್ನು ದೂರುವುದು ನನ್ನ ಪ್ರಕಾರ ನ್ಯಾಯವಲ್ಲ. ಕೈ ಮುದುರಿಕೊಂಡು ಕೂರುವುದಕ್ಕಿಂತ ನಿಗಾ ಇಟ್ಟು ಈ ಮಾತ್ರೆ ನುಂಗುವುದು ಒಳ್ಳೆಯದು. ‘ನಿಗಾ ಇಟ್ಟು’ ಎನ್ನುವ ಮಾತು ಮಾತ್ರ ಜಾರಿಹೋಗಬಾರದು.

ಬೆಲೆ ಇಳಿದ ದಾರಿ

ಈ ಮಾತ್ರೆಗಳು ತಾಲ್ಲೂಕಿನ ಮೆಡಿಕಲ್ ಸ್ಟೋರಿನವರೆಗೆ ಬಂದದ್ದು ತಾನೇ ತಾನಾಗಿ ಅಲ್ಲ. ಇಮ್ಯಾಟಿನಿಬ್‌ನ ಒಂದು ಹರಳು ರೂಪಕ್ಕೆ ಪೇಟೆಂಟ್ ಬೇಕು ಎಂದು ನೋವಾರ್ಟಿಸ್ ಕಂಪನಿ 1998ರಲ್ಲೇ ಚೆನ್ನೈನಲ್ಲಿ ಅರ್ಜಿ ಹಾಕಿತ್ತು. 2005ರಲ್ಲಿ ನಮ್ಮ ಪೇಟೆಂಟ್ ಕಾನೂನು ಬದಲಾಯಿತು. ಅದರಲ್ಲಿ 3(ಡಿ) ಎಂಬ ಸೆಕ್ಷನ್ ಸೇರಿತು. ಗೊತ್ತಿರುವ ಔಷಧದ ಹೊಸ ರೂಪಕ್ಕೆ ಗುಣ ಹೆಚ್ಚಿದೆ ಎಂದು ತೋರಿಸದಿದ್ದರೆ ಪೇಟೆಂಟ್ ಇಲ್ಲ ಎನ್ನುವುದು ಅದರ ಸಾರ. ಕ್ಯಾನ್ಸರ್ ರೋಗಿಗಳ ಸಂಘಟನೆಯೊಂದು ಮತ್ತು ಭಾರತದ ಔಷಧ ಕಂಪನಿಗಳು ಅರ್ಜಿಗೆ ತಕರಾರು ಹಾಕಿದವು. 2006ರಲ್ಲಿ ಅರ್ಜಿ ತಿರಸ್ಕೃತವಾಯಿತು. ಏಳು ವರ್ಷದ ಕಾನೂನು ಹೋರಾಟದ ನಂತರ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕೂಡ ಪೇಟೆಂಟ್ ಇಲ್ಲ ಎಂದಿತು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಇಲ್ಲಿಯ ಜೆನೆರಿಕ್, ಅಂದರೆ ಬೇರೆ ಕಂಪನಿಗಳು ಮಾಡುವ ಅದೇ ಔಷಧದ ಮಾತ್ರೆಗೆ 8ರಿಂದ 10 ಸಾವಿರ. ಆಮೇಲೆ ಅದು ಇನ್ನೂ ಇಳಿಯಿತು. ಕಂಪನಿ ತನ್ನ ಯೋಜನೆಯಲ್ಲಿ ಸಾವಿರಾರು ಭಾರತೀಯರಿಗೆ ಉಚಿತವಾಗಿ ಮಾತ್ರೆ ಕೊಟ್ಟದ್ದೂ ನಿಜ. ಆದರೂ ದಾನ ಯಾವಾಗ ಬೇಕಾದರೂ ನಿಲ್ಲಬಹುದು. ಕಾನೂನು ಕೊಟ್ಟ ಬೆಲೆ ಹಾಗಲ್ಲ.

ಇನ್ನೊಂದು ಸೊರಾಫೆನಿಬ್. ಯಕೃತ್ತು ಮತ್ತು ಮೂತ್ರಪಿಂಡದ ಕ್ಯಾನ್ಸರಿಗೆ ಕೊಡುವ ಈ ಮಾತ್ರೆಗೆ ಬೇಯರ್ ಕಂಪನಿ ತಿಂಗಳಿಗೆ 2,80,428 ರೂಪಾಯಿ ಇಟ್ಟಿತ್ತು. 2012ರ ಮಾರ್ಚ್‌ನಲ್ಲಿ ಹೈದರಾಬಾದಿನ ನ್ಯಾಟ್ಕೋಗೆ ಅದನ್ನು ಮಾಡಲು ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇದ್ದವರು ಒಪ್ಪದಿದ್ದರೂ ಸರ್ಕಾರ ಕೊಡುವ ಅನುಮತಿ ಸಿಕ್ಕಿತು. ಬೆಲೆ 8,880 ರೂಪಾಯಿಗೆ ಬಂತು. ಭಾರತದ ಮೊದಲ ಕಡ್ಡಾಯ ಪರವಾನಗಿ ಅದು. ಇಲ್ಲೊಂದು ಮಾತು ಹೇಳಲೇಬೇಕು. ಯಕೃತ್ತಿನ ಮುಂದುವರಿದ ಕ್ಯಾನ್ಸರಿನಲ್ಲಿ ಸೊರಾಫೆನಿಬ್ ಜೀವವನ್ನು ಸರಾಸರಿ ಮೂರು ತಿಂಗಳಷ್ಟು ಹೆಚ್ಚಿಸಿತು, ಅಷ್ಟೇ. ಎಲ್ಲ ‘ನಿಬ್’ಗಳೂ ಇಮ್ಯಾಟಿನಿಬ್ ಅಲ್ಲ. ಸಿಎಂಎಲ್‌ನಲ್ಲಿ ಒಂದೇ ಸ್ವಿಚ್ ಕೆಟ್ಟಿರುತ್ತದೆ, ಅದನ್ನು ಮುಚ್ಚಿದರೆ ಕಾಯಿಲೆ ಕೂತುಬಿಡುತ್ತದೆ. ಬೇರೆ ಎಷ್ಟೋ ಗೆಡ್ಡೆಗಳಲ್ಲಿ ಹತ್ತಾರು ಸ್ವಿಚ್ ಕೆಟ್ಟಿರುತ್ತವೆ. ಒಂದು ಮುಚ್ಚಿದರೆ ಇನ್ನೊಂದು ದಾರಿ ಹಿಡಿಯುತ್ತವೆ. ಮನೆ ಮಾರಿ ಮಾತ್ರೆ ಕೊಳ್ಳುವ ಮುಂಚೆ ಇದರಿಂದ ಎಷ್ಟು ದಿನ, ಎಂಥ ದಿನ ಅಂತ ಡಾಕ್ಟರನ್ನು ಬಿಡಿಸಿ ಕೇಳುವುದು ಮನೆಯವರ ಹಕ್ಕು.

ಟೋಫಾಸಿಟಿನಿಬ್‌ಗೂ ಈಗ ಭಾರತದಲ್ಲಿ ಹಲವು ಕಂಪನಿಗಳ ಜೆನೆರಿಕ್ ಇದೆ. ಬೆಲೆ ಇಳಿದದ್ದು ಸಂತೋಷದ ವಿಷಯ. ನನ್ನ ಚಿಂತೆ ಅದರ ಮುಂದಿನದು.

ಮೂಗಿಗಿಂತ ಮೂಗುತಿ ಭಾರ

ಸಿಎಂಎಲ್ ರೋಗಿಯ ಚಿಕಿತ್ಸೆಯಲ್ಲಿ ಮಾತ್ರೆಯಷ್ಟೇ ಮುಖ್ಯವಾದದ್ದು ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ. ರಕ್ತದಲ್ಲಿ ಆ ಕೆಟ್ಟ ಜೀನ್ ಎಷ್ಟು ಉಳಿದಿದೆ ಎಂದು ಅದು ಹೇಳುತ್ತದೆ. ಮೂರು ತಿಂಗಳಿಗೆ ಶೇ 10ಕ್ಕೆ, ಆರು ತಿಂಗಳಿಗೆ ಶೇ 1ಕ್ಕೆ, ವರ್ಷಕ್ಕೆ ಶೇ 0.1ಕ್ಕೆ ಇಳಿಯಬೇಕು. ಇಳಿಯದಿದ್ದರೆ ಮುಖ್ಯವಾಗಿ ಎರಡು ಕಾರಣ. ಮಾತ್ರೆ ಸರಿಯಾಗಿ ನುಂಗುತ್ತಿಲ್ಲ, ಇಲ್ಲವೇ ಕೈನೇಸ್ ರೂಪ ಬದಲಿಸಿ ಮಾತ್ರೆಗೆ ಬಗ್ಗುತ್ತಿಲ್ಲ. ಬಗ್ಗದಿದ್ದರೆ ಡಾಸಾಟಿನಿಬ್, ನಿಲೋಟಿನಿಬ್‌ಗೆ ಬದಲಿಸಬಹುದು. ಗೊತ್ತಾದರೆ ತಾನೇ? ಒಂದು ಪರೀಕ್ಷೆಗೆ ಕೆಲವು ಸಾವಿರ ರೂಪಾಯಿ. ಎಷ್ಟೋ ಮನೆಗಳಲ್ಲಿ ಅದು ತಿಂಗಳ ಮಾತ್ರೆಗಿಂತ ಜಾಸ್ತಿ. ಮೂಗಿಗಿಂತ ಮೂಗುತಿ ಭಾರವಾಗಿದೆ.

ಮಾತ್ರೆ ತಪ್ಪಿಸುವುದು ಎಷ್ಟು ಕೆಟ್ಟದ್ದು ಎನ್ನುವುದಕ್ಕೆ ಲಂಡನ್ನಿನ ಒಂದು ಅಧ್ಯಯನ ಇದೆ. 87 ಸಿಎಂಎಲ್ ರೋಗಿಗಳ ಡಬ್ಬಿಯ ಮುಚ್ಚಳದಲ್ಲಿ ಪುಟ್ಟ ಚಿಪ್ ಇಟ್ಟರು. ಡಬ್ಬಿ ತೆರೆದಾಗಲೆಲ್ಲ ಅದು ದಾಖಲಾಗುತ್ತಿತ್ತು. ನೂರಕ್ಕೆ 90ಕ್ಕಿಂತ ಜಾಸ್ತಿ ಮಾತ್ರೆ ನುಂಗಿದವರಲ್ಲಿ ಆರು ವರ್ಷಕ್ಕೆ ಶೇ 94.5 ಮಂದಿಗೆ ಕಾಯಿಲೆ ಶೇ 0.1ರ ಕೆಳಗೆ ಇಳಿದಿತ್ತು. 90 ಅಥವಾ ಅದಕ್ಕಿಂತ ಕಮ್ಮಿ ನುಂಗಿದವರಲ್ಲಿ ಶೇ 28.4. ತಿಂಗಳ ಮೂವತ್ತರಲ್ಲಿ ಮೂರು ಮಾತ್ರೆ ತಪ್ಪಿದರೆ ನುಂಗಿದ್ದು ಶೇ 90. ಮೂರೇ ಮೂರು. ಮದುವೆಗೆ ಹೋದಾಗ ಎರಡು ದಿನ, ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತ ಒಂದು ದಿನ. ಮೈ ಹುಷಾರಾಗಿಯೇ ಇರುತ್ತದೆ, ಒಳಗೆ ಕಾಯಿಲೆ ಏರುತ್ತಿರುತ್ತದೆ. ಪಶ್ಚಿಮದ ದೇಶಗಳಲ್ಲಿ ಸಿಎಂಎಲ್ ಹೆಚ್ಚಾಗಿ 60 ದಾಟಿದವರ ಕಾಯಿಲೆ. ನಮ್ಮಲ್ಲಿ 30, 40ರ ಹರೆಯದವರೇ ಜಾಸ್ತಿ. ಮನೆ ನಡೆಸುವ ವಯಸ್ಸು, ಮಕ್ಕಳಾಗುವ ವಯಸ್ಸು. ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು, ಈ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಇದನ್ನು ನಾಚಿಕೆಯಿಂದ ಕೇಳದೆ ಉಳಿಯುವ ಹೆಣ್ಣುಮಕ್ಕಳು ಬಹಳ.

ಇನ್ನೊಂದು ಸಣ್ಣ ವಿಷಯ, ಪರಿಣಾಮ ದೊಡ್ಡದು. ನಮ್ಮ ಮನೆಗಳಲ್ಲಿ ಯಾರು ಗ್ಯಾಸ್ ಮಾತ್ರೆ ನುಂಗುವುದಿಲ್ಲ ಹೇಳಿ? ಬೆಳಿಗ್ಗೆ ಎದ್ದು ಪ್ಯಾಂಟೊಪ್ರಜೋಲ್ ನುಂಗಿ ಆಮೇಲೆ ಕಾಫಿ. ಡಾಸಾಟಿನಿಬ್, ನಿಲೋಟಿನಿಬ್, ಜೆಫಿಟಿನಿಬ್ ಮೈಗೆ ಹತ್ತಬೇಕಾದರೆ ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ ಮಾತ್ರೆ ಆ ಆಮ್ಲವನ್ನೇ ತೆಗೆಯುತ್ತದೆ. ದುಬಾರಿ ಕ್ಯಾನ್ಸರ್ ಮಾತ್ರೆ ಪೂರ್ತಿ ಕೆಲಸ ಮಾಡದೆ ಹಾಗೇ ಹೊರಗೆ ಹೋಗುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇನ್ನೊಂದು ರೀತಿ. ಅದು ಯಕೃತ್ತನ್ನು ಚುರುಕು ಮಾಡಿ ಇಮ್ಯಾಟಿನಿಬ್, ಟೋಫಾಸಿಟಿನಿಬ್‌ಗಳನ್ನು ಬೇಗ ಕರಗಿಸಿಬಿಡುತ್ತದೆ. ಫಂಗಸ್‌ಗೆ ಕೊಡುವ ಕೆಲವು ಮಾತ್ರೆಗಳು ಇದರ ಉಲ್ಟಾ, ರಕ್ತದಲ್ಲಿ ಇವುಗಳ ಪ್ರಮಾಣ ಏರಿಸುತ್ತವೆ. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ‘ನಿಬ್’ ಮಾತ್ರೆಯ ಪಟ್ಟಿಯನ್ನು ಮುಂದೆ ಇಡಿ.

ಈಗ ಚರ್ಮದ ಕಾಯಿಲೆಗಳಿಗೂ ಇವು ಬಂದಿವೆ. ತೊನ್ನಿಗೆ ರುಕ್ಸೋಲಿಟಿನಿಬ್ ಮುಲಾಮು, ಕೂದಲು ಗುಂಡುಗುಂಡಾಗಿ ಉದುರುವ ಕಾಯಿಲೆಗೆ ಬ್ಯಾರಿಸಿಟಿನಿಬ್ ಮಾತ್ರೆ, ಎರಡಕ್ಕೂ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ತೊನ್ನು ಎಂಬ ಒಂದೇ ಕಾರಣಕ್ಕೆ ಮದುವೆ ಮುರಿದ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು. ಬ್ರೂಟನ್ ಕೈನೇಸ್ ಎಂಬ ಇನ್ನೊಂದು ಸ್ವಿಚ್ ಇದೆ. ಅದರ ಕಥೆಯೂ ಮಗುವಿನಿಂದಲೇ ಶುರು. 1952ರಲ್ಲಿ ಒಗ್ಡನ್ ಬ್ರೂಟನ್ ಎಂಬ ಮಕ್ಕಳ ಡಾಕ್ಟರು ಪದೇ ಪದೇ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಸೋಂಕು ತಡೆಯುವ ಗಾಮಾ ಗ್ಲಾಬ್ಯುಲಿನ್ ಎಂಬ ಪ್ರೋಟೀನು ಇಲ್ಲದ್ದನ್ನು ಕಂಡರು. ಅದಕ್ಕೆ ಕಾರಣವಾದ ಕೈನೇಸ್ 1993ರಲ್ಲಿ ಸಿಕ್ಕಿತು. ಅದನ್ನು ತಡೆಯುವ ಇಬ್ರೂಟಿನಿಬ್ 2013ರಲ್ಲಿ ಲಿಂಫೋಮಾ ಕ್ಯಾನ್ಸರಿಗೆ ಬಂತು. 2025ರಲ್ಲಿ ಅದೇ ಸ್ವಿಚ್ ತಡೆಯುವ ರೆಮಿಬ್ರೂಟಿನಿಬ್‌ಗೆ ವಾಸಿಯಾಗದ ಪಿತ್ತಗಂಧೆಗೆ ಅಮೆರಿಕದ ಒಪ್ಪಿಗೆ ಸಿಕ್ಕಿತು. ಅಂದರೆ ಇನ್ನು ಹತ್ತು ವರ್ಷದಲ್ಲಿ ನಮ್ಮ ಸಣ್ಣ ಊರುಗಳ ಅಂಗಡಿಗಳಲ್ಲೂ ‘ನಿಬ್’ಗಳು ಸಾಲಾಗಿ ಕೂರುತ್ತವೆ. ಪ್ರತಿಯೊಂದರ ಹಿಂದೆಯೂ ಒಂದು ಪರೀಕ್ಷೆಯ ಪಟ್ಟಿ ಇರುತ್ತದೆ.

ಆ ಪಟ್ಟಿಯನ್ನು ಹಳ್ಳಿಯವರ ಹತ್ತಿರಕ್ಕೆ ತರುವುದು ಆಗದ ಕೆಲಸವೇನಲ್ಲ. ಟಿಬಿ ಕಂಡುಹಿಡಿಯಲು ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಜೀನ್‌ಎಕ್ಸ್‌ಪರ್ಟ್ ಯಂತ್ರ ಇಟ್ಟಿದೆ. ಕಫದ ಮಾದರಿಯನ್ನು ಪುಟ್ಟ ಕಾರ್ಟ್ರಿಜ್‌ನಲ್ಲಿ ಹಾಕಿದರೆ ಎರಡು ಗಂಟೆಯೊಳಗೆ ಉತ್ತರ. ಅದೇ ಯಂತ್ರದಲ್ಲಿ ಬಿಸಿಆರ್-ಎಬಿಎಲ್ ಅಳೆಯುವ ಕಾರ್ಟ್ರಿಜ್ ಕೂಡ ಇದೆ, ರಕ್ತ ಹಾಕಬೇಕು ಅಷ್ಟೇ. ಯಂತ್ರ ಇದೆ, ನಡೆಸುವವರು ಇದ್ದಾರೆ. ಕಾರ್ಟ್ರಿಜ್ ಕೊಳ್ಳಬೇಕು, ಫಲಿತಾಂಶ ಓದುವ ಕ್ಯಾನ್ಸರ್ ಡಾಕ್ಟರಿಗೆ ತಲುಪಿಸಬೇಕು. ಹೀಗಾದರೆ ರಾಯಚೂರಿನ, ಯಾದಗಿರಿಯ ರೋಗಿ ಒಂದು ಪರೀಕ್ಷೆಗಾಗಿ ರಾತ್ರಿ ರೈಲು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆವರೆಗೆ ಬರುವುದು ತಪ್ಪುತ್ತದೆ. ಜ್ಯಾಕ್ ಮಾತ್ರೆಯವರಿಗೆ ಬೇಕಾದದ್ದು ಇದಕ್ಕಿಂತ ಕಮ್ಮಿ. ಎಕ್ಸ್‌ರೇ, ರಕ್ತಕಣದ ಲೆಕ್ಕ, ಯಕೃತ್ತಿನ ಪರೀಕ್ಷೆ, ಕೊಬ್ಬಿನ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂಥವು. ಮಾತ್ರೆ ಕೊಡುವ ಅಂಗಡಿಯಲ್ಲಿ ‘ಹೋದ ಸಲದ ರಕ್ತ ಪರೀಕ್ಷೆ ಯಾವಾಗ ಆಯಿತು’ ಅಂತ ಕೇಳುವ ರೂಢಿ ಬರಬೇಕು. ಡಾಕ್ಟರು ಬರೆಯುವ ಎಚ್ಚರಿಕೆ ಕನ್ನಡದಲ್ಲಿರಬೇಕು. ಇವೆರಡಕ್ಕೂ ಒಂದು ಪೈಸೆ ಖರ್ಚಿಲ್ಲ.

ದೊಡ್ಡಮ್ಮ ಮಾತ್ರೆ ನಿಲ್ಲಿಸಿಲ್ಲ. ಸರ್ಪಸುತ್ತು ಇಳಿಯುವವರೆಗೆ ಡಾಕ್ಟರು ಬಿಡಿಸಿದ್ದರು, ಆಗ ಬೆರಳು ಮತ್ತೆ ಊದಿಕೊಂಡವು. ಟಿಬಿ ಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿ ಪುನಃ ಶುರು ಮಾಡಿದ್ದಾರೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಮೂರು ತಿಂಗಳಿಗೊಂದು ಕಡೆ ಪೆನ್ಸಿಲಿನಲ್ಲಿ ‘ರಕ್ತ’ ಎಂದು ಬರೆದಿದ್ದಾರೆ. ಹೋದ ವಾರ ಫೋನ್ ಮಾಡಿ ನನ್ನನ್ನೇ ಕೇಳಿದರು: “ಏನಪ್ಪಾ, ಇಪ್ಪತ್ತನೇ ತಾರೀಕು ಬರ್ತೀಯಾ, ಲ್ಯಾಬಿಗೆ ಹೋಗ್ಬೇಕಲ್ಲ?”